ಎತ್ತಿದ್ದೊಂದು, ಇಳಿಸಿದ್ದೊಂದು

ಬರೆದುದನ್ನು ನೋಡಿ ಮತ್ತೆ ಬರೆಯುವುದು ಮನುಷ್ಯನ ಹಳೆಯ ಉದ್ಯೋಗಗಳಲ್ಲಿ ಒಂದು. ಅರಸನು ದತ್ತಿ ಬಿಟ್ಟಾಗ ಅದರ ಒಕ್ಕಣೆಯನ್ನು ಒಬ್ಬನು ರಚಿಸುತ್ತಿದ್ದನು. ಇನ್ನೊಬ್ಬನು ಅದನ್ನು ಕಲ್ಲಿನ ಮೇಲೆ ಬರೆಯುತ್ತಿದ್ದನು. ಮೂರನೆಯವನಾದ ರೂವಾರಿಯು ಉಳಿ ಹಿಡಿದು ಕಂಡರಿಸುತ್ತಿದ್ದನು. ಹಾನಗಲ್ಲು, ಅಬ್ಬಲೂರುಗಳ ದೇವಾಲಯಗಳಲ್ಲಿ ಇಂದಿಗೂ ನಿಂತಿರುವಂಥ ಶಾಸನಗಳನ್ನು ಓದುವ ವಿದ್ವಾಂಸರು, ಎಲ್ಲಿಯಾದರೂ ಒಂದಕ್ಷರ ಬಿಟ್ಟುಹೋಗಿದ್ದರೆ, ಈ ಮೂವರಲ್ಲಿ ತಪ್ಪಿದವರು ಯಾರೆಂದು ವಿಚಾರ ಮಾಡುತ್ತಾರೆ. ಓಲೆಗರಿಯ ಕಾಲದಲ್ಲಿಯೂ ಇದೇ ಕಥೆ. ಪ್ರತಿ ಮಾಡುವವನ ಕಣ್ಣು ಒಂದು ಸಾಲಿನ ಪದದಿಂದ ಕೆಳಗಿನ ಸಾಲಿನ ಅದೇ ಪದಕ್ಕೆ ಹಾರಿತೆಂದರೆ ನಡುವಿನ ಮಾತೆಲ್ಲ ಮಾಯ! ಗ್ರಂಥ ಸಂಪಾದಕರು ನಾಲ್ಕಾರು ಪ್ರತಿಗಳನ್ನು ಎದುರಿಗೆ ಹರಡಿಕೊಂಡು ಪಾಠಾಂತರಗಳನ್ನು ತೂಗಿ ನೋಡುವುದು ಇದಕ್ಕಾಗಿಯೇ. ತಪ್ಪು ಬಹುಮಟ್ಟಿಗೆ ಹುಟ್ಟುವುದು ಮಾತನ್ನು ಹೊಸದಾಗಿ ರಚಿಸುವಲ್ಲಿ ಅಲ್ಲ. ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವಲ್ಲಿ.

ಈಗ ಕಲ್ಲೂ ಇಲ್ಲ, ಓಲೆಯೂ ಇಲ್ಲ. ಆದರೆ ಸಾಗಿಸುವ ಕೆಲಸ ಮಾತ್ರ ಹಿಂದೆಂದಿಗಿಂತಲೂ ಹೆಚ್ಚಾಗಿದೆ. ಹಾವೇರಿ ಜಿಲ್ಲೆಯ ಯಾವುದೇ ತಾಲೂಕಿನ ಊರಿಗೆ ಹೋದರೂ ಇದು ಕಣ್ಣಿಗೆ ಬೀಳುತ್ತದೆ. ಭತ್ತಕ್ಕೂ ಮಾವಿಗೂ ಹೆಸರಾದ ಹಾನಗಲ್ಲು. ಪುಣೆ-ಬೆಂಗಳೂರು ಹೆದ್ದಾರಿಯ ಮಗ್ಗುಲಿನಲ್ಲಿದ್ದು, ಕನಕದಾಸರ ಬಾಡವನ್ನು ತನ್ನ ತಾಲೂಕಿನಲ್ಲಿ ಇಟ್ಟುಕೊಂಡಿರುವ ಶಿಗ್ಗಾವಿ. ನವಾಬರು ಆಳಿದ, ವೀಳ್ಯದೆಲೆಗೂ ಖಾರಕ್ಕೂ ಪ್ರಸಿದ್ಧವಾದ ಸವಣೂರು. ದುರ್ಗಾದೇವಿಯ ಕೆರೆಯ ದಂಡೆಯ ಹಿರೇಕೆರೂರು. ನಾಲ್ಕರ ಗುಣವೂ ಬೇರೆ ಬೇರೆ. ಆದರೆ ತಹಶೀಲ್ದಾರರ ಕಚೇರಿಯ ಎದುರಿನ ಸಾಲು ಮಾತ್ರ ನಾಲ್ಕರಲ್ಲಿಯೂ ಒಂದೇ. ಅಲ್ಲಿ ಒಂದು ಝೆರಾಕ್ಸ್ ಯಂತ್ರ, ಒಂದು ಗಣಕಯಂತ್ರ, ಒಂದು ಮುದ್ರಣಯಂತ್ರ, ಎರಡು ಬೆಂಚುಗಳಿರುವ ಚಿಕ್ಕ ಅಂಗಡಿಗಳು. ಉತಾರ ತೆಗೆಸುವವರು, ವಾರಸಾ ಹಚ್ಚಿಸುವವರು, ವಾಟ್ನಿ ಪತ್ರ ಬರೆಸುವವರು, ಅಫಿಡವಿಟ್ ಮಾಡಿಸುವವರು ಎಲ್ಲರೂ ಕೊನೆಗೆ ಆ ಬೆಂಚಿನ ಮೇಲೆ ಕೂಡಲೇಬೇಕು.

ಈ ಅಂಗಡಿಗಳಲ್ಲಿ ಯಾರೂ ಒಂದು ಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಹೊಸದಾಗಿ ಹೊಡೆಯುವುದಿಲ್ಲ. ಹಿಂದಿನ ಪತ್ರವನ್ನು ತೆರೆದು, ಹೆಸರು ಅಳಿಸಿ, ಹೊಸ ಹೆಸರು ಸೇರಿಸಿ, ಸರ್ವೆ ನಂಬರನ್ನೂ ಚಕ್ಕುಬಂದಿಯನ್ನೂ ಬೇರೊಂದು ಕಡೆಯಿಂದ ನಕಲಿಸಿ ತಂದು ಅಂಟಿಸುತ್ತಾರೆ. ದಿನಕ್ಕೆ ನೂರು ಸಲ ‘ಕಾಪಿ’, ನೂರು ಸಲ ‘ಪೇಸ್ಟ್’. ಈ ಸೌಕರ್ಯವನ್ನು ಲೋಕಕ್ಕೆ ಕೊಟ್ಟವರಲ್ಲಿ ಮುಖ್ಯನಾದವನು ಅಮೆರಿಕದ ಲ್ಯಾರಿ ಟೆಸ್ಲರ್. ಹಿಂದೆ ಸಂಪಾದಕರು ಹಸ್ತಪ್ರತಿಯನ್ನು ಕತ್ತರಿಯಿಂದ ಕತ್ತರಿಸಿ ಗೋಂದಿನಿಂದ ಅಂಟಿಸುತ್ತಿದ್ದುದನ್ನೇ ಆತ ೧೯೭೦ರ ದಶಕದ ನಡುವಿನಲ್ಲಿ, ಟಿಮ್ ಮಾಟ್ ಎಂಬ ಜೊತೆಗಾರನೊಂದಿಗೆ ರೂಪಿಸಿದ ‘ಜಿಪ್ಸಿ’ ಎಂಬ ಬರವಣಿಗೆಯ ತಂತ್ರಾಂಶಕ್ಕೆ ತಂದನು. ಆ ಕೆಲಸ ನಡೆದದ್ದು ಝೆರಾಕ್ಸ್ ಸಂಸ್ಥೆಯ ಪ್ರಯೋಗಾಲಯದಲ್ಲಿ. ಅದೇ ಸಂಸ್ಥೆಯ ಹೆಸರು ಇಂದು ನಮ್ಮ ಊರೂರಿನ ಅಂಗಡಿಗಳ ಫಲಕದ ಮೇಲೆ ಸಾಮಾನ್ಯ ನಾಮವಾಗಿ ಕುಳಿತಿರುವುದು ಒಂದು ಸೊಗಸಾದ ಯೋಗಾಯೋಗ. ಟೆಸ್ಲರ್ ೨೦೨೦ರಲ್ಲಿ ತೀರಿಕೊಂಡನು. ಆದರೆ ಆತನ ಕತ್ತರಿ, ಗೋಂದುಗಳು ಹಾನಗಲ್ಲಿನ ಬೆಂಚಿನ ಎದುರಿಗೂ ದಿನವಿಡೀ ದುಡಿಯುತ್ತಿವೆ.

ಹಾನಗಲ್ಲಿನ ಅಂಥ ಒಂದು ಅಂಗಡಿಯನ್ನು ಗಂಡಹೆಂಡಿರಿಬ್ಬರು ನಡೆಸುತ್ತಾರೆ. ಗಂಡನು ಝೆರಾಕ್ಸ್ ಯಂತ್ರದ ಮುಂದೆ. ಹೆಂಡತಿ ಗಣಕಯಂತ್ರದ ಮುಂದೆ. ಆಕೆಯ ಬೆರಳು ಚುರುಕು. ಅದಕ್ಕಿಂತ ಮಿಗಿಲಾಗಿ ಕಣ್ಣು ಚುರುಕು. “ಅಕ್ಕಾರು ಹೊಡದ ಕಾಗದ ಅಂದ್ರ ತಿದ್ದೂದೇ ಬ್ಯಾಡ” ಎಂಬ ಮಾತು ಸುತ್ತಲಿನ ಹಳ್ಳಿಗಳಲ್ಲಿ ಇತ್ತು. ಅಂಗಡಿಗೆ ಬಂಡವಾಳವೆಂದರೆ ಯಂತ್ರಗಳಿಗಿಂತ ಹೆಚ್ಚಾಗಿ ಈ ಒಂದು ಮಾತೇ. ಇವರ ಒಬ್ಬನೇ ಮಗನು ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ.

ಒಂದು ದಿನ ವಯಸ್ಸಾದ ರೈತನೊಬ್ಬನು ವಾಟ್ನಿ ಪತ್ರದ ಕರಡು ಮಾಡಿಸಲು ಬಂದನು. ಅಣ್ಣತಮ್ಮಂದಿರ ನಡುವೆ ಹೊಲ ಹಂಚಿಕೆಯಾಗಬೇಕಾಗಿತ್ತು. ಮರುದಿನವೇ ಹಿರಿಯರೆದುರು ಅಂಗುಷ್ಠ ಬೀಳಬೇಕಾಗಿತ್ತು. ಆಕೆ ವಕೀಲರ ಕಡೆಯಿಂದ ಬಂದ ಟಿಪ್ಪಣಿಯಿಂದ ಚಕ್ಕುಬಂದಿಯನ್ನು ನಕಲಿಸಿ ಪತ್ರದಲ್ಲಿ ಇಳಿಸಿದಳು; ಮುದ್ರಿಸಿದಳು. ಅಜ್ಜನಿಗೆ ಓದು ಬಾರದು. ಆದುದರಿಂದ ಆತನು ಕಾಗದವನ್ನು ಮಡಿಚಿಕೊಳ್ಳದೆ ಎದುರಿಗೇ ಕುಳಿತು, “ಯವ್ವಾ, ಒಂದ ಸಲ ಓದಿ ಹೇಳಿಬಿಡು” ಎಂದನು. ಆಕೆ ಓದತೊಡಗಿದಳು. ಮೂಡಣಕ್ಕೆ ಹಳ್ಳ ಎಂಬ ಮಾತು ಬರುತ್ತಲೇ ಅಜ್ಜನು ಕೈಯೆತ್ತಿದನು.

“ತಡಿ ಯವ್ವಾ. ನಮ್ಮ ಹೊಲದ ಮೂಡಣಕ್ಕ ಹಳ್ಳ ಎಲ್ಲೈತಿ? ಮೂಡಣಕ್ಕ ನಮ್ಮ ಅಣ್ಣನ ಹೊಲ. ಹಳ್ಳ ನಮ್ಮ ಸೀಮ್ಯಾಗ ಇಲ್ಲ.”

“ಇನ್ನೊಮ್ಮೆ ಹೇಳ್ರಿ ಅಜ್ಜಾರ” ಎಂದು ಆಕೆ ಪರದೆಯತ್ತ ಬಾಗಿದಳು. ಹಳ್ಳವೂ, ಅದರಾಚೆಯ ಬಂಡಿದಾರಿಯೂ, ಸಾಲು ಸಾಲಾಗಿ ನಿಂತಿದ್ದ ನಾಲ್ಕೂ ದಿಕ್ಕುಗಳೂ ಆ ದಿನ ಬೆಳಿಗ್ಗೆ ಬೇರೊಬ್ಬರಿಗೆ ಮಾಡಿಕೊಟ್ಟ ಪತ್ರದವು! ಅಕ್ಷರ ಶುದ್ಧ, ಸಾಲು ನೆಟ್ಟಗೆ, ವ್ಯಾಕರಣ ನಿರ್ದುಷ್ಟ. ಹೊಲ ಮಾತ್ರ ಬೇರೆಯವರದು.

“ಏನಾತ? ಮುಖ ಯಾಕ ಹಂಗ ಆತು?” ಎಂದನು ಗಂಡ.

“ಏನ್ರೀ, ನಾ ಎತ್ತಿದ್ದೊಂದು, ಅದು ಇಳಿಸಿದ್ದೊಂದು” ಎಂದಳು ಆಕೆ.

ಇದಕ್ಕೆ ಮುಂಚೆಯೂ ಕೆಲವು ವಿಚಿತ್ರಗಳು ನಡೆದಿದ್ದವು. ಹಳೆಯ ‘ನುಡಿ’ ಅಕ್ಷರಗಳಲ್ಲಿದ್ದ ಒಂದು ಪರಿಚ್ಛೇದವನ್ನು ನಕಲಿಸಿ ಇಳಿಸಿದರೆ ಕೆಲವೊಮ್ಮೆ ಚೆನ್ನಾಗಿ ಬರುತ್ತಿತ್ತು. ಕೆಲವೊಮ್ಮೆ ಕನ್ನಡವೆಲ್ಲ ಹೋಗಿ ಇಂಗ್ಲಿಷಿನ ಅಕ್ಷರಗಳೂ, ತಲೆಯ ಮೇಲೆ ಗೆರೆ ಹೊತ್ತ ಪರದೇಶಿ ಗುರುತುಗಳೂ ಸಾಲಾಗಿ ಬಂದು ನಿಲ್ಲುತ್ತಿದ್ದವು. ಮತ್ತೆ ಕೆಲವೊಮ್ಮೆ ಬರವಣಿಗೆಯ ತಂತ್ರಾಂಶವು ಕ್ಷಣಕಾಲ ಮರಗಟ್ಟಿದಂತೆ ನಿಂತು ಆಮೇಲೆ ಚೇತರಿಸಿಕೊಳ್ಳುತ್ತಿತ್ತು. ಯಂತ್ರಕ್ಕೆ ವಯಸ್ಸಾಯಿತೆಂದು ದಂಪತಿಗಳು ಸುಮ್ಮನಾಗಿದ್ದರು. ಕೆಟ್ಟ ಅಕ್ಷರ ಬಂದರೆ ಕಣ್ಣಿಗೆ ಕಾಣುತ್ತದೆ. ಅಳಿಸಿ ಮತ್ತೆ ಇಳಿಸಿದರಾಯಿತು. ಆದರೆ ಚೆನ್ನಾಗಿ ಕಾಣುವ ತಪ್ಪು ಬಂದರೆ? ಅಂದು ಅಜ್ಜನು ಕೇಳದೆ ಹೋಗಿದ್ದರೆ ಆ ಹಳ್ಳವು ಎರಡು ಮನೆತನಗಳ ನಡುವೆ ಎಷ್ಟು ವರ್ಷ ಹರಿಯುತ್ತಿತ್ತೋ!

ಅಂದಿನ ಸಂಜೆ ಆಕೆ ಮೂರು ಊರುಗಳಿಗೆ ಫೋನು ಮಾಡಿದಳು. ಇದೇ ಕಸುಬಿನವರಲ್ಲಿ ಒಂದು ಬಳಗವಿದೆ. ಒಬ್ಬರ ಕಷ್ಟ ಇನ್ನೊಬ್ಬರಿಗೆ ಗೊತ್ತು. ಶಿಗ್ಗಾವಿಯವನು, “ಎಲ್ಲಾ ಅಳಿಸಿ ಹೊಸದಾಗಿ ಹಾಕಿಸಿಬಿಡ್ರಿ ಅಕ್ಕಾರ” ಎಂದನು. ನೆಗಡಿಗೆ ಮೂಗು ಕೊಯ್ಯುವ ವೈದ್ಯವಿದು. ಗುಣವಾದರೂ ಆಗಬಹುದು, ಆದರೆ ರೋಗ ಯಾವುದಿತ್ತೆಂದು ತಿಳಿಯುವುದಿಲ್ಲ. ಸವಣೂರಿನವನು ಕನ್ನಡ, ಉರ್ದು ಎರಡರಲ್ಲಿಯೂ ಲಗ್ನಪತ್ರಿಕೆ ಹೊಡೆಯುವ ನಿಪುಣ. ಆತನ ಅನುಮಾನ ವೈರಸ್ಸಿನ ಮೇಲೆ. ಹಿರೇಕೆರೂರಿನ ಹುಡುಗಿ ಮಾತ್ರ ಉತ್ತರ ಹೇಳಲಿಲ್ಲ, ಪ್ರಶ್ನೆ ಕೇಳಿದಳು.

“ಅಕ್ಕಾ, ಇದು ಯಾವಾಗಿಂದ ಶುರು ಆತು? ಅದಕ್ಕಿಂತ ಮೊದಲ ಮಷಿನ್ನಿಗೆ ಹೊಸಾದು ಏನ್ ಹಾಕೀರಿ?”

ರೋಗ ನಿದಾನದ ಅರ್ಧ ಶಾಸ್ತ್ರವೇ ಈ ಒಂದು ಪ್ರಶ್ನೆಯಲ್ಲಿ ಅಡಗಿದೆ. ಮೊನ್ನೆಯವರೆಗೆ ಸರಿಯಿದ್ದದ್ದು ಇಂದು ಕೆಟ್ಟಿದ್ದರೆ, ನಡುವೆ ಏನೋ ಬದಲಾಗಿರಬೇಕು. ಆಕೆ ನೆನಪಿಸಿಕೊಂಡಳು. ದೀಪಾವಳಿಗೆ ಬಂದ ಮಗನು, ತಾಯಿಯ ಮಣಿಕಟ್ಟಿನ ನೋವನ್ನು ಕಂಡು, ಒಂದು ಚಿಕ್ಕ ತಂತ್ರಾಂಶವನ್ನು ಹಾಕಿಕೊಟ್ಟು ಹೋಗಿದ್ದನು. ಹಿಂದೆ ನಕಲಿಸಿದ್ದನ್ನೆಲ್ಲ ಅದು ನೆನಪಿಟ್ಟುಕೊಳ್ಳುತ್ತಿತ್ತು. ಬೇಕಾದಾಗ ಪಟ್ಟಿಯಿಂದ ಆರಿಸಿ ಇಳಿಸಿದರಾಯಿತು. ಅದರಿಂದ ನಿಜವಾಗಿಯೂ ಉಪಕಾರವಾಗಿತ್ತು. ಉಪಕಾರಿಯ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಅದಕ್ಕೇ ಇಷ್ಟು ದಿನ ಅದರ ಕಡೆಗೆ ಯಾರ ಕಣ್ಣೂ ಹೋಗಿರಲಿಲ್ಲ.

ಅನುಮಾನ ಬಂದ ಮಾತ್ರಕ್ಕೆ ಅಪರಾಧ ಸಿದ್ಧವಾಗದು. ಆಕೆ ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ ಗೆರೆ ಎಳೆದು ಕುಳಿತಳು. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸುವುದು, ಹತ್ತು ಬಾರಿ ಮಾಡಿ ನೋಡುವುದು, ಬರೆದಿಡುವುದು, ಇದೇ ಕ್ರಮ. ಮೊದಲು ಕೀಲಿಮಣೆಯನ್ನು ಬದಲಿಸಿದಳು. ತೊಂದರೆ ಹಾಗೆಯೇ ಇತ್ತು. ಬರವಣಿಗೆಯ ತಂತ್ರಾಂಶವನ್ನು ಅದರ ಉಪಾಂಗಗಳಾವುವೂ ಏಳದಂತೆ, ಬರಿಯ ಮೈಯಲ್ಲಿ ತೆರೆದಳು. ಆಗಲೂ ಹತ್ತರಲ್ಲಿ ಎರಡು ಮೂರು ಸಲ ಹಳೆಯದೇ ಇಳಿಯಿತು. ಕೊನೆಗೆ ಮಗನು ಹಾಕಿದ ತಂತ್ರಾಂಶವನ್ನು ನಿಲ್ಲಿಸಿದಳು. ಹತ್ತಕ್ಕೆ ಹತ್ತು ಸರಿ. ಮತ್ತೆ ಎಬ್ಬಿಸಿದಳು; ತೊಂದರೆ ಮರಳಿ ಬಂದಿತು. ಮತ್ತೆ ನಿಲ್ಲಿಸಿದಳು, ಹೋಯಿತು. ಹೀಗೆ ಬರುವುದನ್ನೂ ಹೋಗುವುದನ್ನೂ ಎರಡೂ ಕಂಡಮೇಲೆ ಸಂಶಯಕ್ಕೆ ಎಡೆಯಿರಲಿಲ್ಲ.

ಮಗನು ವಾರದ ಕೊನೆಗೆ ಊರಿಗೆ ಬಂದನು. ಸುದ್ದಿ ಕೇಳಿ ಅವನ ಮುಖ ಸಪ್ಪಗಾಯಿತು.

“ಅವ್ವಾ, ನಿನಗ ಅನುಕೂಲ ಆಗ್ಲಿ ಅಂತ ಹಾಕಿದ್ನಿ.”

“ಅನುಕೂಲ ಆಗೇತೋ ಮಗನ, ಅದಕ್ಕ ಸುಳ್ಳು ಹೇಳಂಗಿಲ್ಲ. ಆದ್ರ ಒಬ್ಬರ ಹೊಲಕ್ಕ ಇನ್ನೊಬ್ಬರ ಹಳ್ಳ ಹರದು ಬಂತು. ಅದು ಯಾಕ ಹಂಗ ಮಾಡಿತು, ನನಗ ತಿಳಿಯೋ ಹಂಗ ಹೇಳು.”

ಮಗನು ವಿವರಿಸಿದ್ದರ ಸಾರಾಂಶವು ಗಣಕಯಂತ್ರ ಇಟ್ಟುಕೊಂಡ ಎಲ್ಲ ಮನೆಗಳಿಗೂ ಉಪಯೋಗವಾಗುವಂಥದು.

ನಕಲಿಸಿದ್ದು ತತ್ಕಾಲಕ್ಕೆ ಹೋಗಿ ನಿಲ್ಲುವ ಜಾಗಕ್ಕೆ ಕ್ಲಿಪ್‌ಬೋರ್ಡ್ ಎಂದು ಹೆಸರು. ಅದನ್ನು ಮನೆಯ ಮುಂದಿನ ಕಟ್ಟೆಯೆಂದು ಭಾವಿಸಬಹುದು. ಕಟ್ಟೆಯ ಮೇಲೆ ಒಂದೇ ಗಂಟಿಗೆ ಸ್ಥಳ. ಹೊಸ ಗಂಟು ಬಂದರೆ ಹಳೆಯದನ್ನು ಎತ್ತಿ ಎಸೆಯಲಾಗುತ್ತದೆ. ಎಲ್ಲ ತಂತ್ರಾಂಶಗಳಿಗೂ ಇರುವುದು ಈ ಒಂದೇ ಕಟ್ಟೆ. ಇಲ್ಲಿಯ ಮುಖ್ಯ ನಿಯಮವೆಂದರೆ, ಒಂದು ಸಮಯಕ್ಕೆ ಒಬ್ಬರೇ ಕಟ್ಟೆ ಏರಬಹುದು. ಒಬ್ಬರು ಏರಿ ಇಳಿಯುವವರೆಗೆ ಉಳಿದವರಿಗೆ ಬಾಗಿಲು ಮುಚ್ಚಿರುತ್ತದೆ.

ಅದಲ್ಲದೆ, ಒಂದೇ ಗಂಟಿನಲ್ಲಿ ಒಂದೇ ಮಾತು ಹಲವು ವೇಷಗಳಲ್ಲಿ ಇರುತ್ತದೆ. ಅಕ್ಷರದ ಅಚ್ಚು, ಗಾತ್ರ, ದಪ್ಪ, ಓರೆಗಳನ್ನೆಲ್ಲ ತೊಟ್ಟ ವೇಷ ಒಂದು. ಯಾವ ಅಲಂಕಾರವೂ ಇಲ್ಲದ ಬರಿಯ ಅಕ್ಷರದ ವೇಷ ಇನ್ನೊಂದು. ಇಳಿಸಿಕೊಳ್ಳುವವರು ತಮಗೆ ಬೇಕಾದ ವೇಷವನ್ನು ಆರಿಸಿಕೊಳ್ಳುತ್ತಾರೆ. ದೊಡ್ಡ ಬರವಣಿಗೆಯ ತಂತ್ರಾಂಶಗಳು ಇಲ್ಲಿ ಒಂದು ಜಾಣತನ ಮಾಡುತ್ತವೆ. ಎಲ್ಲ ವೇಷಗಳನ್ನೂ ಹೊತ್ತು ತಂದು ಇಡುವುದು ಶ್ರಮವೆಂದು, ‘ಯಾರಾದರೂ ಕೇಳಿದಾಗ ತಂದುಕೊಡುವೆ’ ಎಂಬ ಚೀಟಿಯನ್ನು ಮಾತ್ರ ಕಟ್ಟೆಯ ಮೇಲೆ ಇಟ್ಟು ಬರುತ್ತವೆ.

ಈ ಏರ್ಪಾಡಿನ ನಡುವೆ ಕ್ಲಿಪ್‌ಬೋರ್ಡ್ ಪಾರುಪತ್ಯಗಾರನೊಬ್ಬನು ಬಂದನೆನ್ನಿ. ಅವನ ಕೆಲಸ, ಕಟ್ಟೆಗೆ ಬಂದ ಪ್ರತಿಯೊಂದು ಗಂಟನ್ನೂ ಲೆಕ್ಕದ ಪುಸ್ತಕದಲ್ಲಿ ಬರೆದಿಡುವುದು. ಹೊಸ ಗಂಟು ಬಿದ್ದಿತೆಂಬ ಡಂಗುರ ಕೇಳಿದ ಕೂಡಲೇ ಅವನು ಓಡಿಬಂದು ಕಟ್ಟೆ ಏರುತ್ತಾನೆ. ಚೀಟಿ ತೋರಿಸಿ, ‘ಎಲ್ಲ ವೇಷಗಳನ್ನೂ ತಾ’ ಎಂದು ಬರವಣಿಗೆಯ ತಂತ್ರಾಂಶವನ್ನು ಪೀಡಿಸುತ್ತಾನೆ. ಆಗ ಅದು ಮರಗಟ್ಟಿದಂತೆ ನಿಲ್ಲುತ್ತದೆ. ಅಷ್ಟರೊಳಗೆ ಬೆರಳಿನ ಚುರುಕಿನಿಂದ ಇನ್ನೊಂದು ‘ಕಾಪಿ’ ಒತ್ತಿದರೆ ಕಟ್ಟೆಯ ಬಾಗಿಲು ಮುಚ್ಚಿದೆ. ಹೊಸ ಗಂಟು ಒಳಗೆ ಹೋಗುವುದಿಲ್ಲ. ಹೋಗಲಿಲ್ಲವೆಂದು ಪ್ರತಿ ಸಲವೂ ಯಾರೂ ಕೂಗಿ ಹೇಳುವುದಿಲ್ಲ. ‘ಪೇಸ್ಟ್’ ಒತ್ತಿದಾಗ ಇಳಿಯುವುದು ಕಟ್ಟೆಯ ಮೇಲೆ ಉಳಿದಿದ್ದ ಹಳೆಯ ಗಂಟು. ಬೆಳಗಿನ ಪತ್ರದಿಂದ ಆರಿಸಿ ಬೇರೆಡೆ ಬಳಸಿದ್ದ ಚಕ್ಕುಬಂದಿಯೇ ಆಗ ಕಟ್ಟೆಯ ಮೇಲಿತ್ತು. ಅಜ್ಜನ ಹೊಲಕ್ಕೆ ಹಳ್ಳ ಬಂದದ್ದು ಹೀಗೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯನ್ನು ನಮ್ಮ ಹಿರಿಯರು ಇದನ್ನು ಕಾಣದೆಯೇ ಕಟ್ಟಿದರು!

ಇಂಥ ಪಾರುಪತ್ಯಗಾರರು ಈಗ ಒಬ್ಬಿಬ್ಬರಲ್ಲ. ೨೦೧೮ರ ಅಕ್ಟೋಬರ್ ಪರಿಷ್ಕರಣದಿಂದ ವಿಂಡೋಸ್ ೧೦ರಲ್ಲಿಯೇ ಇಂಥ ಒಂದು ಏರ್ಪಾಡು ಸೇರಿದೆ. ವಿಂಡೋಸ್ ಕೀಲಿಯೊಡನೆ ‘ವಿ’ ಒತ್ತಿದರೆ ಕೊನೆಯ ೨೫ ನಕಲುಗಳ ಪಟ್ಟಿ ತೆರೆಯುತ್ತದೆ. ಮೈಕ್ರೋಸಾಫ್ಟ್ ಆಫೀಸಿನೊಳಗೆ ೨೪ ನಕಲುಗಳನ್ನು ಇಡುವ ಅದರದೇ ಆದ ಪಟ್ಟಿ ಬಹುಕಾಲದಿಂದ ಇದೆ. ಇವುಗಳ ಜೊತೆಗೆ ಮಗನು ತಂದು ನಿಲ್ಲಿಸಿದವನು ಮೂರನೆಯವನು. ಒಂದು ಒರೆಯಲ್ಲಿ ಎರಡು ಕತ್ತಿ ಇರಲಾರವು ಎನ್ನುತ್ತಾರೆ, ಇಲ್ಲಿ ಮೂರಿದ್ದವು.

ಕನ್ನಡವು ಮಾಯವಾಗುತ್ತಿದ್ದ ಸಂಗತಿಯ ಬೇರು ಇನ್ನೂ ಆಳದಲ್ಲಿದೆ. ಗಣಕಯಂತ್ರಕ್ಕೆ ಅಕ್ಷರ ತಿಳಿಯದು; ಅಂಕಿ ಮಾತ್ರ ತಿಳಿಯುವುದು. ಕನ್ನಡದ ಲಿಪಿಗೆ ಜಗತ್ತಿನ ಎಲ್ಲ ಯಂತ್ರಗಳೂ ಒಪ್ಪುವ ಸ್ವಂತ ಸ್ಥಾನ ದೊರೆತದ್ದು ಯೂನಿಕೋಡ್ ಎಂಬ ವ್ಯವಸ್ಥೆಯಲ್ಲಿ, ೧೯೯೧ರಲ್ಲಿ. ಅಲ್ಲಿ ಕನ್ನಡಕ್ಕೆ ೩೨೦೦ರಿಂದ ೩೩೨೭ರವರೆಗೆ ೧೨೮ ಆಸನಗಳಿವೆ. ‘ಕ’ಕಾರದ ಆಸನ ೩೨೨೧. ಆದರೆ ಅದು ಸಾಮಾನ್ಯರ ಯಂತ್ರಗಳಿಗೆ ಇಳಿದುಬರಲು ಹಲವು ವರ್ಷಗಳೇ ಬೇಕಾದವು. ಅಷ್ಟರವರೆಗೆ ಕನ್ನಡ ಕಾಯಬಹುದಿತ್ತೆ? ೧೯೯೮ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂದಿತು, ಈ ಶತಮಾನದ ಆರಂಭದಲ್ಲಿ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂದಿತು, ಕೆ. ಪಿ. ರಾವ್ ಅವರು ರೂಪಿಸಿದ ಸುಲಭವಾದ ಕೀಲಿಮಣೆ ವಿನ್ಯಾಸವು ಸಾವಿರಾರು ಬೆರಳುಗಳಿಗೆ ರೂಢಿಯಾಯಿತು. ಸರಕಾರಿ ಕಚೇರಿಯಲ್ಲಿ ಕನ್ನಡವು ಯಂತ್ರವನ್ನೇರಿ ಕುಳಿತದ್ದು ಇವರ ದೆಸೆಯಿಂದ. ಆ ಉಪಕಾರವನ್ನು ಮರೆಯಲಾಗದು.

ಆದರೆ ಆ ಹಳೆಯ ಅಚ್ಚಿನ ಪದ್ಧತಿಯಲ್ಲಿ ಕನ್ನಡವು ಬಾಡಿಗೆಯ ಮನೆಯಲ್ಲಿ ವಾಸಿಸುತ್ತಿತ್ತು. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳಿಗೆ ಮೀಸಲಾದ ಅಂಕಿಗಳ ಮೇಲೆ ಕನ್ನಡ ಅಕ್ಷರದ ತುಂಡುಗಳನ್ನು ಕೂರಿಸಲಾಗಿತ್ತು. ‘ನುಡಿ’ಯ ಹಳೆಯ ಅಚ್ಚಿನಲ್ಲಿ ‘ಕ’ ಎಂಬುದು ಒಳಗೊಳಗೆ ಇಂಗ್ಲಿಷಿನ ದೊಡ್ಡ ‘ಪಿ’ ಮತ್ತು ಗೆರೆ ಹೊತ್ತ ‘ಎ’ ಇವೆರಡರ ಜೋಡಿ. ‘ನ’ ಎಂಬುದು ಬ್ರಿಟಿಷರ ಪೌಂಡ್ ನಾಣ್ಯದ ಗುರುತು ಮತ್ತು ಅದೇ ‘ಎ’. ‘ನುಡಿ’ಯ ಅಚ್ಚು ಮೈಮೇಲೆ ಇರುವವರೆಗೆ ನೋಡುವವರಿಗೆ ಕನ್ನಡ, ಅಚ್ಚು ಕಳಚಿದರೆ ಬರಿಯ ಪೌಂಡು, ಪಿ, ಎ. ಮಗನು ಹಾಕಿದ ತಂತ್ರಾಂಶದಲ್ಲಿ, ನಕಲಿಸಿದ್ದರ ಅಲಂಕಾರವನ್ನೆಲ್ಲ ತೆಗೆದು ಬರಿಯ ಅಕ್ಷರವನ್ನಷ್ಟೇ ಮರಳಿ ಕಟ್ಟೆಯ ಮೇಲಿಡುವ ಏರ್ಪಾಡು ಚಾಲನೆಯಲ್ಲಿತ್ತು. ಇಂಗ್ಲಿಷಿಗೆ ಅದರಿಂದ ನಷ್ಟವಿಲ್ಲ. ಅಂಗಿ ಕಳಚಿದರೂ ಮನುಷ್ಯ ಅವನೇ. ಯೂನಿಕೋಡಿನ ಕನ್ನಡಕ್ಕೂ ನಷ್ಟವಿಲ್ಲ. ಹಳೆಯ ‘ನುಡಿ’ಗೆ ಮಾತ್ರ ಅಂಗಿಯೇ ಪ್ರಾಣ. ಬರಿಮೈಯ ಆ ಗುರುತುಗಳು ಮೊದಲೇ ‘ನುಡಿ’ಯ ಅಚ್ಚು ಹಾಕಿದ್ದ ಜಾಗದಲ್ಲಿ ಇಳಿದರೆ ಮತ್ತೆ ಕನ್ನಡವಾಗುತ್ತಿದ್ದವು, ಬೇರೆ ಅಚ್ಚಿನ ಜಾಗದಲ್ಲಿ ಇಳಿದರೆ ಪರದೇಶಿಗಳಾಗುತ್ತಿದ್ದವು. ಒಮ್ಮೆ ಸರಿ, ಒಮ್ಮೆ ತಪ್ಪು ಎಂಬ ಆ ಮಾಯೆಯ ಗುಟ್ಟು ಇಷ್ಟೇ.

ತಾಯಿ ಎಲ್ಲವನ್ನೂ ಕೇಳಿ, “ಹಂಗಾರ ಅವನ ತಪ್ಪಲ್ಲ, ಇವನ ತಪ್ಪಲ್ಲ, ಇಬ್ಬರನ್ನೂ ಒಂದ ಕಟ್ಟಿ ಮ್ಯಾಲ ಕೂಡಿಸಿದ್ದು ತಪ್ಪು” ಎಂದಳು. ಇದಕ್ಕಿಂತ ಚೆನ್ನಾಗಿ ಯಾವ ಪ್ರಾಧ್ಯಾಪಕನೂ ಹೇಳಲಾರನು.

ಪರಿಹಾರವೂ ಒಂದೇ ರಾತ್ರಿಯಲ್ಲಿ ಆಯಿತು. ಮೂವರು ಪಾರುಪತ್ಯಗಾರರಲ್ಲಿ ಒಬ್ಬನನ್ನು ಉಳಿಸಿಕೊಂಡು ಇಬ್ಬರಿಗೆ ರಜೆ ಕೊಡಲಾಯಿತು. ಹೊರಗಿನಿಂದ ಬಂದವನನ್ನೇ ಉಳಿಸಿಕೊಳ್ಳಬೇಕೆನ್ನುವವರಿಗೂ ದಾರಿಯಿದೆ. ಇಂಥ ತಂತ್ರಾಂಶಗಳಲ್ಲಿ ಹಲವಕ್ಕೆ, ‘ಈ ತಂತ್ರಾಂಶದ ಗಂಟುಗಳನ್ನು ಮುಟ್ಟಬೇಡ’ ಎಂದು ಪಟ್ಟಿ ಬರೆದುಕೊಡಬಹುದು. ಅದರಲ್ಲಿ ಬರವಣಿಗೆಯ ತಂತ್ರಾಂಶದ ಹೆಸರನ್ನು ಸೇರಿಸಿದರೆ ಜಗಳ ತಪ್ಪುತ್ತದೆ. ಅಲಂಕಾರ ಕಳಚುವ ಏರ್ಪಾಡನ್ನು ನಿಲ್ಲಿಸಬೇಕು. ಹಳೆಯ ‘ನುಡಿ’ಯ ಪತ್ರವನ್ನು ಹೊಸ ಪತ್ರಕ್ಕೆ ತರುವಾಗ, ಸುಮ್ಮನೆ ಅಂಟಿಸುವ ಬದಲು ಪರಿವರ್ತಕದ ಮೂಲಕ ಯೂನಿಕೋಡಿಗೆ ತಂದು ಆಮೇಲೆ ಉಪಯೋಗಿಸಬೇಕು, ಅಂಥ ಪರಿವರ್ತಕಗಳು ‘ನುಡಿ’, ‘ಬರಹ’ಗಳ ಜೊತೆಯಲ್ಲಿಯೇ ದೊರೆಯುತ್ತವೆ. ಹೊಸದಾಗಿ ಹೊಡೆಯುವುದನ್ನೆಲ್ಲ ಯೂನಿಕೋಡಿನಲ್ಲಿಯೇ ಹೊಡೆದರೆ ಮುಂದಿನವರಿಗೆ ಈ ತಾಪತ್ರಯವಿಲ್ಲ. ಕನ್ನಡಕ್ಕೆ ಸ್ವಂತ ಮನೆ ಇರುವಾಗ ಬಾಡಿಗೆಯ ಮನೆಯಲ್ಲಿ ಏಕಿರಬೇಕು?

ಮಗನು ಇನ್ನೊಂದು ಸಂಗತಿಯನ್ನು ಎತ್ತಿ ತೋರಿಸಿದನು; ಅದನ್ನು ಕೇಳಿ ತಂದೆತಾಯಿಗಳಿಬ್ಬರೂ ಗಾಬರಿಯಾದರು. ಪಾರುಪತ್ಯಗಾರನ ಪುಸ್ತಕವನ್ನು ತೆರೆದು ನೋಡಿದರೆ, ಅಂಗಡಿಗೆ ಬಂದವರ ೧೨ ಅಂಕಿಯ ಆಧಾರ್ ಸಂಖ್ಯೆಗಳು, ಬ್ಯಾಂಕಿನ ಖಾತೆಯ ಸಂಖ್ಯೆಗಳು, ಯಾರೋ ಹುಡುಗಿಯ ವಿದ್ಯಾರ್ಥಿವೇತನದ ಅರ್ಜಿಯ ಗುಪ್ತಪದ ಎಲ್ಲವೂ ಸಾಲಾಗಿ ಕುಳಿತಿದ್ದವು. ನಂಬಿ ಬಂದವರ ಗುಟ್ಟುಗಳು ಅವರು ಎದ್ದು ಹೋದ ಮೇಲೂ ಅಂಗಡಿಯಲ್ಲಿ ಉಳಿದಿದ್ದವು. ವಿಂಡೋಸಿನ ಪಟ್ಟಿಯು, ನಾವಾಗಿ ಕಟ್ಟಿ ನಿಲ್ಲಿಸಿದ್ದನ್ನು ಬಿಟ್ಟು, ಯಂತ್ರವನ್ನು ಮರಳಿ ಚಾಲೂ ಮಾಡಿದಾಗ ಅಳಿದುಹೋಗುತ್ತದೆ. ಹೊರಗಿನ ತಂತ್ರಾಂಶಗಳಲ್ಲಿ ಕೆಲವು ಎಷ್ಟೋ ದಿನ ಇಟ್ಟುಕೊಳ್ಳುತ್ತವೆ. ಅಂದಿನಿಂದ ಆ ಅಂಗಡಿಯಲ್ಲಿ ಒಬ್ಬ ಗಿರಾಕಿ ಏಳುತ್ತಲೇ ಪಟ್ಟಿಯನ್ನು ಅಳಿಸುವ ಪದ್ಧತಿ ಬಂದಿತು. ಇದರಿಂದ ಇನ್ನೊಂದು ಲಾಭವೂ ಆಯಿತು: ಪಟ್ಟಿಯೂ ಕಟ್ಟೆಯೂ ಬರಿದಾಗಿದ್ದರೆ ಹಿಂದಿನವರ ಹೊಲವು ಮುಂದಿನವರ ಪತ್ರಕ್ಕೆ ಬರಲು ದಾರಿಯೇ ಇಲ್ಲ.

ಯಂತ್ರದ ತೊಂದರೆಗಳೆಲ್ಲ ಹೀಗೆ ಕೊನೆಗೊಂಡವು. ಆದರೆ ಆಕೆ ಅಷ್ಟಕ್ಕೆ ತೃಪ್ತಳಾಗಲಿಲ್ಲ. ಇಂದು ಈ ಪಾರುಪತ್ಯಗಾರ. ನಾಳೆ ಇನ್ನೊಬ್ಬನು ಬಂದಾನು. ಕೆಟ್ಟ ಅಕ್ಷರವನ್ನು ಕಣ್ಣು ಹಿಡಿಯುತ್ತದೆ. ಚೆಂದದ ತಪ್ಪನ್ನು ಹಿಡಿಯುವವರು ಯಾರು? ಪರದೆಯ ಮೇಲಿನ ಸಾಲುಗಳನ್ನು ದಿನವೂ ನೋಡಿ ನೋಡಿ ಕಣ್ಣು ಪಳಗಿಬಿಟ್ಟಿರುತ್ತದೆ. ಅದು ಓದುವುದಿಲ್ಲ, ಬರಿದೆ ಸವರಿಕೊಂಡು ಹೋಗುತ್ತದೆ. ಹಳೆಯ ಕಾಲದ ಪತ್ರ ಬರಹಗಾರರು ಬರೆದುದನ್ನೆಲ್ಲ ಗಟ್ಟಿಯಾಗಿ ಓದಿ ಹೇಳಿ, ಎದುರಿಗಿದ್ದವರು ಹೌದೆಂದ ಮೇಲೆ ಸಹಿ ಮಾಡಿಸುತ್ತಿದ್ದರು. ಓದು ಬಾರದವರಿಗಾಗಿ ಹುಟ್ಟಿದ ಆ ಪದ್ಧತಿಯು ಓದು ಬಲ್ಲವರಿಗೂ ರಕ್ಷೆಯಾಗಿತ್ತು. ಹೊಲವನ್ನು ಅರಿತವನು ಅದರ ಮಾಲಿಕ. ಯಂತ್ರವೂ ಅಲ್ಲ, ಯಂತ್ರ ನಡೆಸುವವರೂ ಅಲ್ಲ. ಅಜ್ಜನಿಗೆ ಅಕ್ಷರ ತಿಳಿಯದಿದ್ದರೂ ತನ್ನ ಮೂಡಣದ ದಿಕ್ಕು ತಿಳಿದಿತ್ತು.

ಈಗ ಆ ಅಂಗಡಿಯಲ್ಲಿ ಮುದ್ರಿಸುವ ಮುನ್ನ ಪ್ರತಿಯೊಂದು ಪತ್ರವನ್ನೂ ಗಟ್ಟಿಯಾಗಿ ಓದಲಾಗುತ್ತದೆ. ಬೆಂಚಿನ ಮೇಲಿನವರಲ್ಲಿ ಕೆಲವರು, “ಲಗೂನ ಕೊಡ್ರಿ ಅಕ್ಕಾರ, ಬಸ್ಸು ಹೋಗತೈತಿ” ಎಂದು ಅವಸರ ಮಾಡುವುದುಂಟು. ಆಕೆ ಅವಸರಪಡುವುದಿಲ್ಲ. ಹೆಸರು, ತಂದೆಯ ಹೆಸರು, ಸರ್ವೆ ನಂಬರು, ಮೂಡಣ, ಪಡುವಣ, ತೆಂಕಣ, ಬಡಗಣ, ಒಂದೊಂದನ್ನೇ ಓದಿ, ಎದುರಿಗಿರುವವರ ತಲೆ ಅಲ್ಲಾಡುವವರೆಗೆ ಕಾಯುತ್ತಾಳೆ. ಆಮೇಲೆ ಕಾಗದ ಹೊರಗೆ ಬರುತ್ತದೆ.